ಸ್ಥಿತಿ ಎಂಬ ಕಾಲಂ

ವೇಳಾಪಟ್ಟಿಯಲ್ಲಿ ನನ್ನ ಹೆಸರು ಚಿತ್ರಕಲೆ.
ಸಂಗೀತದ ಮಾಸ್ತರರು ಬಾದಾಮಿಗೆ ವರ್ಗವಾದ ಮೇಲೆ
ಸಂಗೀತವೂ ನಾನೇ.
ಗ್ರಂಥಾಲಯ ಅಂದರೆ ಒಂದು ಕಬ್ಬಿಣದ ಕಪಾಟು.
ಅದರ ಕೀಲಿ ಹೆಡ್‌ಮಾಸ್ತರರ ಜೇಬಿನಿಂದ
ನನ್ನ ಸೆರಗಿನ ಗಂಟಿಗೆ ಬಂದು ಮೂರು ವರ್ಷ.

ಗುಳೇದಗುಡ್ಡದ ಈ ಶಾಲೆಗೆ ಗೋಡೆ ನಾಲ್ಕು,
ಐದನೆಯದು ಸಪ್ಪಳ.
ಬೆಳಿಗ್ಗೆಯೇ ಶುರು ಓಣಿಯ ಮಗ್ಗಗಳು
ಖಟಕ್ ಖಟಕ್, ಖಟಕ್ ಖಟಕ್,
ಒಳಗೆ ಮಕ್ಕಳು ಎರಡೊಂದ್ಲ ಎರಡು.
ನಮ್ಮ ಮಗ್ಗಿಗೂ ಅವರ ಮಗ್ಗಕ್ಕೂ
ಒಂದು ಗುಡಿಸಿನಷ್ಟೇ ಅಂತರ.

ಮೊದಲ ದಿನ ಎಲ್ಲರೂ ಬರೆದರು
ಎರಡು ಗುಡ್ಡ, ನಡುವೆ ಸೂರ್ಯ, ಪಕ್ಕಕ್ಕೊಂದು ತೆಂಗಿನ ಮರ.
ತೆಂಗಿನ ಮರ ಎಲ್ಲಿ ನೋಡೀರಿ ಅಂದೆ.
ಹಿಂದಿನ ಮಾಸ್ತರ ಹಾಕಿ ಕೊಟ್ಟಾರ್ರಿ ಅಂದರು.
ನಿಮ್ಮ ಮನ್ಯಾಗ ಇರೂದು ಬರೀರಿ ಅಂದೆ.
ಹುಚ್ಚೇಶ ಚೌಕುಳಿ ಹಾಳೆಯ ಮೇಲೆ
ಖಣದ ಬುಟ್ಟಿಗಳನ್ನು ಒಂದೊಂದೇ ಎಣಿಸಿ ಕೂರಿಸಿದ,
ಏಳನೆಯ ಸಾಲಿನಲ್ಲಿ ಒಂದು ಸೊಟ್ಟ.
ನಾನು ರಬ್ಬರ್ ಎತ್ತಿದೆ.
"ಅದು ಸೊಟ್ಟ ಅಲ್ರಿ ಟೀಚರ್.
ಅಲ್ಲಿ ನಮ್ಮಪ್ಪನ ಕಾಲು ತಪ್ಪಿತ್ತು.
ಆಯಿ ತೀರ್ಕೊಂಡ ಫೋನ್ ಬಂದಿತ್ತು.
ಆ ಖಣ ಮಾರಲಿಲ್ರಿ, ಅವ್ವಗ ಕುಬಸ ಆತು."
ರಬ್ಬರ್ ಕೆಳಗಿಟ್ಟೆ.
ಅಳತೆಪಟ್ಟಿಯನ್ನೂ.

ನಮ್ಮ ಹಾರ್ಮೋನಿಯಮ್ಮಿನಲ್ಲಿ ಮ ಇಲ್ಲ.
ಒತ್ತಿದರೆ ಬರೀ ಗಾಳಿ.
ಸ ರಿ ಗ, ಬಾಯಿ ಮುಚ್ಚಿ ಒಂದು ತಲೆಯಾಟ, ಪ.
ಹಾಗೇ ಕಲಿತರು. ನಾನೇ ಕಲಿಸಿದೆ, ಗೊತ್ತಾಗದೆ.
ಬಾಗಲಕೋಟೆಯ ಸ್ಪರ್ಧೆಗೆ ಕರೆದೊಯ್ದಾಗ
ಅಲ್ಲಿ ಮಿರಿಮಿರಿ ಮಿಂಚುವ ಹೊಸ ಪೆಟ್ಟಿಗೆ, ಎಲ್ಲ ಸ್ವರಗಳೂ ಜೀವಂತ.
ಮ ಬಂತು.
ಇಪ್ಪತ್ತೆರಡು ಬಾಯಿ ಒಮ್ಮೆಲೇ ಮುಚ್ಚಿದವು,
ಇಪ್ಪತ್ತೆರಡು ತಲೆ ಆಡಿದವು,
ಪರವೂರಿನ ಆ ಮ ಒಂದೇ
ಸಭಾಭವನದಲ್ಲಿ ತಬ್ಬಲಿಯಾಗಿ ತಿರುಗಿತು.
ನಮಗೆ ನಾಲ್ಕನೆಯ ಸ್ಥಾನ.
ಬಂದ ತಂಡಗಳು ನಾಲ್ಕೇ.
ಬಸ್ಸಿನಲ್ಲಿ ಕೂಗಿ ಹಾಡಿದರು, ಮ ಬಿಟ್ಟು.

ಶನಿವಾರ ಪೀಟಿ ಮುಗಿದ ಮೇಲೆ ಗ್ರಂಥಾಲಯ.
ಖೋ ಖೋ ಆಡಿ ಮೊಣಕಾಲಿಗೆ ಮಣ್ಣು ಹಚ್ಚಿಕೊಂಡೇ
ತಾಡಪತ್ರಿಯ ಮೇಲೆ ಸುತ್ತಲೂ ಕೂರುತ್ತಾರೆ.
ಇನ್ನೂರ ಹನ್ನೆರಡು ಪುಸ್ತಕ,
ಅರ್ಧ ಯಾರೂ ಮುಟ್ಟದವು, ಎರಡು ಮುಟ್ಟಿ ಮುಟ್ಟಿ ಸವೆದವು.
ಸವೆದದ್ದರಲ್ಲಿ ಒಂದು ತಿಮಿಂಗಿಲದ್ದು.
ಸಮುದ್ರ ಕಂಡವರು ನಮ್ಮಲ್ಲಿ ಯಾರೂ ಇಲ್ಲ,
ನಾನೂ.

ಗೌಸಿಯಾ ನಾಲ್ಕನೆಯ ತರಗತಿ,
ಬೆರಳಿಟ್ಟು ಓದುತ್ತಾಳೆ, ಬೆರಳು ಮುಂದೆ, ದನಿ ಹಿಂದೆ.
ಒಂದು ವಾರಕ್ಕೆಂದು ಒಯ್ದದ್ದು
ನಾಲ್ಕು ವಾರಕ್ಕೆ ತಂದಳು.
ಪುಸ್ತಕದ ಬೆನ್ನಿಗೆ ದಾಳಿಂಬೆ ಬಣ್ಣದ ರೇಷ್ಮೆ ಹೊಲಿಗೆ,
ಕಂಡಿಕೆ ಸುತ್ತುವ ಅವಳಮ್ಮನ ಕೈಯದು.
ಹದಿನೇಳನೆಯ ಪುಟ ಎಂದೋ ಹರಿದು ಹೋಗಿತ್ತಲ್ಲ,
ಆ ಜಾಗದಲ್ಲಿ ನೋಟ್‌ಬುಕ್ಕಿನ ಹಾಳೆ,
ದುಂಡಗಿನ ಪೆನ್ಸಿಲ್ ಅಕ್ಷರ:
"ತಿಮಿಂಗಿಲ ಮೇಲೆ ಬಂತು.
ಅಲ್ಲಿ ಯಾರೂ ಇರಲಿಲ್ಲ.
ಸ್ವಲ್ಪ ಹೊತ್ತು ಕಾಯಿತು.
ಮತ್ತೆ ಕೆಳಗೆ ಹೋಯಿತು."

ರಿಜಿಸ್ಟರಿನಲ್ಲಿ ಐದು ಕಾಲಂ.
ಕ್ರಮಸಂಖ್ಯೆ, ಹೆಸರು, ಒಯ್ದ ದಿನ, ತಂದ ದಿನ, ಸ್ಥಿತಿ.
ಸ್ಥಿತಿಗೆ ನನ್ನ ಬಳಿ ಮೂರೇ ಮಾತು:
ಸರಿ ಇದೆ, ಹರಿದಿದೆ, ಕಳೆದಿದೆ.
ಮೂರನ್ನೂ ಮನಸ್ಸಿನಲ್ಲೇ ಬರೆದು ಹೊಡೆದೆ.
"ದಂಡ ಎಷ್ಟ್ರಿ ಟೀಚರ್?"
ಮುಷ್ಟಿ ಬಿಚ್ಚಿದಳು. ಬೆವತ ಎರಡು ರೂಪಾಯಿ.

ಪೆನ್ನಿನ ತುದಿ ಹಾಳೆ ಮುಟ್ಟಿ ಶಾಯಿ ಅಗಲವಾಗುತ್ತಿತ್ತು.
ಹಿಂದಿನಿಂದ ಹುಚ್ಚೇಶ ಭುಜ ತೂರಿಸಿದ:
"ಆ ಮೀನಿನ ಪುಸ್ತಕ ಈಗ ನನ್ನ ಪಾಳಿ."
"ಮೀನಲ್ಲೋ ಅದು," ಅಂದಳು ಗೌಸಿಯಾ
ತಿರುಗಿಯೂ ನೋಡದೆ,
"ಉಸಿರು ತಗೋತದ."